ದಾರ ಕಟ್ಟಿಟ್ಟ ಫೈಲು

ಇಂದ್ರಾಣಿ ಅಪ್ಪನಿಗೆ,

ಇವತ್ತು ನರಸೀಪುರಕ್ಕೆ ಹೋಗಿದ್ದೆ ಕಣ್ರೀ. ನೀವೂ ನಿಮ್ಮ ತಮ್ಮನೂ ಮಾಡ್ಕೊಂಡಿದ್ದ ಪಾಲುಪಟ್ಟಿ ರಿಜಿಸ್ಟರೇ ಆಗಿಲ್ವಂತೆ, ಆಫೀಸಲ್ಲಿ ನಕಲು ಸಿಗಲ್ವಂತೆ. ನಿಮ್ಮ ತಿಥಿ ಆದ ಮೂರೇ ತಿಂಗಳಿಗೆ ನಿಮ್ಮ ತಮ್ಮ ಬದು ಕಿತ್ತು ನಮ್ಮ ಹೊಲಾನೂ ಉತ್ತವ್ರೆ. ಕೇಳಿದ್ರೆ, ಪತ್ರ ಇದ್ರೆ ತೋರ್ಸಿ ಅತ್ತಿಗೆ ಅಂತಾರೆ.

ಆವತ್ತು ಜಗಲಿ ಮೇಲೆ ಫೈಲು ಬಿಚ್ಕೊಂಡು ಕೂತು ನನ್ನ ಕರೆದ್ರಿ. "ಪಾಲುಪಟ್ಟಿ ಇದ್ರಲ್ಲಿಲ್ಲ, ಬೇರೆ ಕಡೆ ಇಟ್ಟಿದೀನಿ. ನಾಳೆ ನಂಗೇನಾರ ಆದ್ರೆ..." ಅನ್ನೋವಷ್ಟರಲ್ಲಿ ನಾನು "ಬಿಡ್ತು ಅನ್ನಿ" ಅಂದೆ. ಅನ್ನೋಗಂಟ ಬಿಡಲಿಲ್ಲ. ನೀವು ನಕ್ಕು, "ಬಿಡ್ತು" ಅಂದು ಫೈಲಿನ ದಾರ ಕಟ್ಟಿದ್ರಿ. ಎಲ್ಲಿಟ್ಟಿದೀರಿ ಅಂತ ನಾನೂ ಕೇಳಲಿಲ್ಲ. ಈಗ ಅಕ್ಕಿ ಡಬ್ಬದಿಂದ ದೇವರ ಪಟದ ಹಿಂದಿನವರೆಗೂ ತಡಕಿದ್ದಾಯ್ತು.

ಉಳಿದ ಪತ್ರಗಳನ್ನಾದ್ರೂ ಮಗಳಿಗೆ ತೋರ್ಸೋಣ ಅಂತ ಸಂಜೆ ಇಂದ್ರಾಣಿನ ಕೂರಿಸ್ಕೊಂಡು ಅದೇ ಫೈಲು ಬಿಚ್ಚಿದೆ. "ನಾಳೆ ನಂಗೇನಾರ ಆದ್ರೆ" ಅಂದೆ, ಅಷ್ಟೇ.

"ಅಪ್ಪನೂ ಹಿಂಗೇ ಅಂದಿದ್ದು. ಬಿಡ್ತು ಅನ್ನವ್ವ" ಅಂತ ನನ್ನ ಕೈ ಹಿಡ್ಕೊಂಡು ಅಳೋಕೆ ಶುರು ಮಾಡಿದ್ಲು.

ಬಿಡ್ತು ಅಂದೆ. ದಾರ ಕಟ್ಟಿ ಮೇಲಿಟ್ಟೆ.