ಮೊದಲ ವಾರದ ಏಳು ಆಟಗಳು

ಅಪ್ಪಾ,

ನೀನು ಹೋದ ಮೇಲೆ ಬಂದ ಮೊದಲ ಫುಟ್‌ಬಾಲ್ ಶನಿವಾರ ಮುಗಿಯಿತು. ಕಾಲೇಜು ತಂಡಗಳ ನಮ್ಮ ಕಾನ್ಫರೆನ್ಸ್ ಲೀಗಿನ ಏಳು ಆಟಗಳಲ್ಲಿ ಯಾರು ಗೆಲ್ಲುತ್ತಾರೆಂದು ಶುಕ್ರವಾರವೇ ಥರ್ಮನ್‌ನ ಕ್ಷೌರದಂಗಡಿಯ ಗೋಡೆಯ ಮೇಲೆ ಬರೆದೆ. ನಿನ್ನನ್ನು ರೇಗಿಸಲೆಂದೇ ಇಪ್ಪತ್ತು ವರ್ಷ ನಮ್ಮೂರ ಕಾಲೇಜು ಸೋಲುತ್ತದೆ ಎನ್ನುತ್ತಿದ್ದವನು, ಈ ಸಲ ಗೆಲ್ಲುತ್ತದೆ ಎಂದು ಬರೆದೆ. ಸೋತಿತು, ೧೭–೩೧ ಅಂಕಗಳಲ್ಲಿ.

ಇವತ್ತು ಥರ್ಮನ್ ನನಗೆ ಬಾಯಿ ಅಂಟಿಸಿದ್ದ ಲಕೋಟೆಯೊಂದನ್ನು ಕೊಟ್ಟ.

“ನಿಮ್ಮಪ್ಪ ಮಾರ್ಚ್‌ನಲ್ಲಿ ಆಸ್ಪತ್ರೆಯಿಂದ ಕಳಿಸಿದ್ದು ಕಣೋ. ಮೊದಲ ವಾರದ ಆಟ ಮುಗಿದ್ಮೇಲೆ ಕೊಡು ಅಂದಿದ್ದ. ನಾನು ಬಿಚ್ಚಿಲ್ಲ, ದೇವರಾಣೆ.”

ಒಳಗೆ ನಿನ್ನ ಕೈಬರಹ. ಏಳೂ ಆಟಗಳ ಫಲಿತಾಂಶ ಸರಿಯಾಗಿತ್ತು. ಎಂದೂ ನಮ್ಮ ಕಾಲೇಜನ್ನು ಬಿಟ್ಟುಕೊಡದ ನೀನು ಅದರೆದುರು ೧೭–೩೧ ಎಂದು ಬರೆದಿದ್ದೆ.

ಪಕ್ಕದಲ್ಲಿ ನನ್ನ ಹೆಸರಲ್ಲೊಂದು ಪಟ್ಟಿ. ಅದನ್ನೂ ನೀನೇ ತುಂಬಿದ್ದೆ. ಶುಕ್ರವಾರ ನಾನು ಗೋಡೆಗೆ ಬರೆದ ಏಳೂ ಹೆಸರು ಅಲ್ಲಿದ್ದವು, ನಮ್ಮೂರ ಕಾಲೇಜೂ ಸೇರಿ.

“ಆಗ್ಲೇ ನಿನ್ನನ್ನ ಕೇಳ್ಕೊಂಡು ಬರೆದಿರ್ಬೇಕು, ಅಲ್ವೇನೋ?” ಎಂದ ಥರ್ಮನ್, ಹಾಳೆಯನ್ನು ಓದಿ ವಾಪಸ್ ಕೊಡುತ್ತಾ. ಆದರೆ ಅದನ್ನು ಮತ್ತೆ ಮುಟ್ಟಲಿಲ್ಲ.

ಹೌದು ಎಂದೆ.

ಹಾಳೆಯ ಮೇಲೆ ಮಾರ್ಚ್ ಒಂಬತ್ತು ಎಂದಿದೆ. ಅಂದು ನೀನು ನನಗೆ ಮೂರು ಸಲ ಫೋನ್ ಮಾಡಿದ್ದೆ. ಒಂದು ಸಲವೂ ನಾನು ಎತ್ತಿರಲಿಲ್ಲ.