ನಿಹಾರಿಕಾ ಎಸ್.

ನಿಹಾರಿಕಾ,

ಇದನ್ನು ಕಳಿಸುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ನನ್ನ ಪ್ರಬಂಧದ ಉಲ್ಲೇಖಗಳ ಪಟ್ಟಿಯಲ್ಲಿ ನಿನ್ನ ಲೇಖನವಿದೆ. ಸರ್‌ನೇಮ್ ಮೊದಲು ಬರಬೇಕೆಂಬ ನಿಯಮಕ್ಕೆ ಸಾಫ್ಟ್‌ವೇರ್ ನಿನ್ನನ್ನು ‘ಎಸ್., ಎನ್.’ ಮಾಡಿಬಿಟ್ಟಿತ್ತು. ನಾನು ‘ನಿಹಾರಿಕಾ ಎಸ್.’ ಎಂದು ತಿದ್ದಿದೆ. ಜರ್ನಲ್‌ನ ಸಂಪಾದಕಿ ಫೋನ್ ಮಾಡಿ, “ರಜನಿ, ಆ ಎಸ್ ಏನು? ಪೂರ್ತಿ ಬರೀಬೇಕು” ಎಂದರು.

ಅದೇನೆಂದು ನನಗೆ ಗೊತ್ತು. ನಾವಿಬ್ಬರೂ ಇದ್ದ ಫಾಲೋಫೀಲ್ಡ್‌ನ ಬಾಡಿಗೆ ಮನೆಯಲ್ಲಿ ಅನ್ನಕ್ಕಿಡುತ್ತಾ ನೀನೇ ಹೇಳಿದ್ದೆ: “ನಮ್ಮಪ್ಪ ನಮ್ಮನ್ನ ಬಿಟ್ಟು ಹೋದ್ರಲ್ಲ, ಅವರ ಹೆಸರಿಗೆ ಒಂದಕ್ಷರ ಸಾಕು ಕಣೇ. ಬಿಟ್ಟು ಹೋದೋರಿಗೆ ಅಷ್ಟೇ.”

“ಅದು ಸರ್‌ನೇಮ್ ಅಲ್ಲ. ಅವಳು ಬರ್ಕೊಂಡ ಹಾಗೇ ಇರಲಿ” ಎಂದೆ.

“ನಮ್ಮ ಸ್ಟೈಲ್ ಗೈಡ್ ಒಪ್ಪಲ್ಲ.”

“ಹಾಗಾದ್ರೆ ನನ್ನ ಪ್ರಬಂಧ ವಾಪಸ್ ತಗೋತೀನಿ.”

ಆಗ ಒಪ್ಪಿದರು. ಇನ್ನು ಪಟ್ಟಿಯಲ್ಲಿ ನೀನು ನಿನ್ನ ಹೆಸರಿನಲ್ಲೇ ಇರುತ್ತೀಯ, ಯಾರೂ ಮುಟ್ಟುವಂತಿಲ್ಲ.

“ನಿಮ್ಮ ಫ್ರೆಂಡಾ?” ಎಂದು ಕೊನೆಗೆ ಕೇಳಿದರು.

“ಒಂದೇ ಮನೇಲಿದ್ವಿ” ಎಂದೆ. ನಿನಗೆ ಒಂದು ಮಾತೂ ಹೇಳದೆ ಆ ಮನೆ ಬಿಟ್ಟು ಹಡರ್ಸ್‌ಫೀಲ್ಡಿಗೆ ಹೊರಟು ಬಂದವಳು ಯಾರೆಂದು ಅವರು ಕೇಳಲಿಲ್ಲ.

ಆರ್.