ಬೆನ್ನು ತೊಳೆಯುವವಳ ಹೆಸರು

ಹ್ಯಾನ್‌ಕಾಕ್, ಮಿಶಿಗನ್
ಸೋಮವಾರ, ಮಾರ್ಚ್ 11, 2019

ಪ್ರೀತಿಯ ತಂಗಿ ಹೆಲ್ಮಿಗೆ, ಅಕ್ಕ ಸೈಮಾಳ ನೆನಪುಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಹಿಮ ಇನ್ನೂ ಕಿಟಕಿಯ ಮಟ್ಟಕ್ಕಿದೆ. ನೀನು ಹೇಗಿದ್ದೀಯೆಂದು ಕೇಳುವ ಅಗತ್ಯವೇ ಇಲ್ಲ, ಫೋಟೋದಲ್ಲೇ ಕಾಣುತ್ತದಲ್ಲ. ಜನವರಿಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರಿಸಬೇಡ. ಬಿಡುವಿರಲಿಲ್ಲ ಎಂದರೆ ಅದು ಅರ್ಧ ನಿಜ. ಇನ್ನರ್ಧ, ನಿನ್ನ ಮೇಲೆ ಸಿಟ್ಟಿತ್ತು. ನಿಂಬೆಗಿಡದ ಪಕ್ಕ ನಿಂತ ನಿನ್ನ ಫೋಟೋವನ್ನು ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಅಂಚೆಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರನ್ನೂ ಅಡುಗೆಮನೆಗೆ ಕರೆದು, "ನೋಡಿ, ನಮ್ಮ ಹೆಲ್ಮಿ! ಅರಿಜೋನಾದಲ್ಲಿರೋದು!" ಎನ್ನುತ್ತಾಳೆ. ಎರಡು ಬೀದಿ ಆಚೆಯ ನನ್ನ ಮನೆಯಿಂದ ದಿನಾ ಬಂದು ಅವರ ಮುಂದೆ ಕಾಫಿ ಇಡುವವಳು ನಾನು. ನನ್ನ ಫೋಟೋ ಯಾವ ಬಾಗಿಲ ಮೇಲೂ ಇಲ್ಲ.

ಸರಿ, ಸುದ್ದಿಗೆ ಬರುತ್ತೇನೆ. ಅಮ್ಮನ ಆರೈಕೆ ವಿಮೆ ಕೊನೆಗೂ ಮಂಜೂರಾಯಿತು ಕಣೇ! ಏಪ್ರಿಲ್‌ನಿಂದ ಏಜೆನ್ಸಿಯ ಹೆಂಗಸೊಬ್ಬಳು ವಾರಕ್ಕೆ ಐದು ದಿನ ಮನೆಗೆ ಬರುತ್ತಾಳೆ. ಇದಾಗದೆ ಹೋಗಿದ್ದರೆ ಅಮ್ಮನನ್ನು ನರ್ಸಿಂಗ್ ಹೋಮಿಗೆ ಸೇರಿಸದೆ ಬೇರೆ ದಾರಿಯಿರಲಿಲ್ಲ. ಇನ್ನು ಅವಳನ್ನು ಎತ್ತಿದರೆ ನೀವೇ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರು ನನ್ನ ಸೊಂಟದ ಎಕ್ಸ್‌ರೇ ನೋಡಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಮೊದಲ ಸಲ ಅರ್ಜಿ ಯಾಕೆ ತಿರಸ್ಕಾರವಾಯಿತೆಂದು ಫೋನಿನಲ್ಲಿ ನಿನಗೆ ಪೂರ್ತಿ ಹೇಳಲಿಲ್ಲ. ಈಗ ಕೇಳು. ಸ್ನಾನ, ಬಟ್ಟೆ, ಊಟ ಅಂತ ದಿನನಿತ್ಯದ ಆರು ಕೆಲಸಗಳ ಪಟ್ಟಿ ಅವರಲ್ಲಿದೆ. ಅದರಲ್ಲಿ ಎರಡಾದರೂ ಒಬ್ಬರ ಸಹಾಯವಿಲ್ಲದೆ ಆಗದು ಎಂದು ಅವರ ನರ್ಸ್ ಬಂದು ನೋಡಿ ಬರೆದುಕೊಂಡರೆ ಮಾತ್ರ ವಿಮೆ ಸಿಗುವುದು. ನರ್ಸ್ ಬರುವ ದಿನ ನಾನು ಕಾಫಿಗೆ ಕೆನೆ ತರಲು ಅಂಗಡಿಗೆ ಹೋಗಿದ್ದೆ, ಇಪ್ಪತ್ತು ನಿಮಿಷ. ವಾಪಸು ಬರುವಷ್ಟರಲ್ಲಿ ಹಿತ್ತಿಲ ಸೌನಾದ ಚಿಮಣಿಯಲ್ಲಿ ಹೊಗೆ! ಶನಿವಾರದ ಹಬೆಸ್ನಾನಕ್ಕೆಂದು ನಾನು ಒಲೆಯಲ್ಲಿ ಜೋಡಿಸಿಟ್ಟಿದ್ದ ಸೌದೆಗೆ ಅಮ್ಮ ಕಡ್ಡಿ ಗೀರಿದ್ದಾಳೆ. ಬರುವವಳು ದೂರದಿಂದ ಬರ್ತಾಳೆ, ಮೈ ಬೆಚ್ಚಗೆ ಮಾಡ್ಕೊಂಡು ಹೋಗ್ಲಿ ಅಂತ. ತುಟಿಗೆ ಬಣ್ಣ ಬೇರೆ.

ನರ್ಸ್ ಕೇಳಿದಳು, "ಸ್ನಾನಕ್ಕೆ ಯಾರಾದ್ರೂ ಸಹಾಯ ಮಾಡ್ತಾರಾ ಅಮ್ಮ?"

"ನಂಗ್ಯಾಕಮ್ಮ ಸಹಾಯ? ಎಂಬತ್ತಾರು ವರ್ಷದಿಂದ ಶನಿವಾರ ತಪ್ಪಿಸಿಲ್ಲ. ನೀನೂ ಒಂದು ಗಳಿಗೆ ಒಳಗೆ ಕೂತು ಬಾ, ಕಲ್ಲು ಕಾದಿದೆ."

"ಬಟ್ಟೆ ಹಾಕ್ಕೊಳ್ಳೋದು?"

"ಅಯ್ಯೋ, ನಾನೇನು ಮಗುವಾ?"

ಆ ಬೆಳಿಗ್ಗೆ ಅವಳ ಕಾಲುಚೀಲ ಏರಿಸಿ, ಅಂಗಿಯ ಗುಂಡಿ ಹಾಕಿ ಹೋದವಳು ನಾನು. ಎಂಟು ವರ್ಷದಿಂದ ಶನಿವಾರ ತಪ್ಪಿಸದವಳೂ ನಾನೇ. ಕೆನೆ ಡಬ್ಬಿ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಬಾಯಿ ಬಿಡಬೇಕಿತ್ತು ಅಂತೀಯಾ? ಮನೆಗೆ ಬಂದವರೆದುರು ಹೆತ್ತ ತಾಯಿಯನ್ನು ಸುಳ್ಳಿ ಅನ್ನುವುದು ನಮ್ಮ ಫಿನ್ನಿಶ್ ಮನೆಗಳಲ್ಲಿ ಯಾರಿಗಾದರೂ ಬರುತ್ತದೇನೇ? ಹದಿನೈದು ದಿನಕ್ಕೆ ಕಾಗದ ಬಂತು: ಅರ್ಜಿದಾರರು ಎಲ್ಲ ಕೆಲಸಗಳನ್ನೂ ಸ್ವತಃ ಮಾಡಿಕೊಳ್ಳುತ್ತಾರೆ.

ಮೇಲ್ಮನವಿ ಹಾಕಿದೆ. ಇನ್ನೊಬ್ಬ ನರ್ಸನ್ನು ಕಳಿಸಲು ಒಪ್ಪಿದರು. ಮೂರು ವಾರ ಅಮ್ಮನನ್ನು ಬೇಡಿಕೊಂಡೆ, ಗದರಿದೆ, ಒಂದು ದಿನ ಅತ್ತೂಬಿಟ್ಟೆ. "ಗುರುತು ಪರಿಚಯ ಇಲ್ಲದೋರ ಮುಂದೆ ಕೈಲಾಗಲ್ಲ ಅನ್ನು ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಎಂದು ನನಗೇ ತಿರುಗಿಸಿದಳು. ಆಮೇಲೆ ನಿನ್ನ ಫೋನ್ ಬಂತು. ಹತ್ತು ನಿಮಿಷ! ರಿಸೀವರ್ ಇಟ್ಟವಳೇ, "ಇದ್ದಿದ್ದು ಇದ್ದಂಗೆ ಹೇಳ್ಬೇಕಂತೆ, ಹೆಲ್ಮಿ ಹೇಳಿದ್ಳು. ಅವಳಿಗೆ ಎಷ್ಟು ತಿಳುವಳಿಕೆ ನೋಡು" ಎಂದಳು. ಹೊಟ್ಟೆಕಿಚ್ಚು ಅಂದರೆ ಏನೆಂದು ಆವತ್ತು ನನಗೆ ಗೊತ್ತಾಯಿತು. ಪಾತ್ರೆಗಳನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ನೀಲಿ ಹೂವಿನ ತಟ್ಟೆಯೊಂದು ಒಡೆಯಿತು. ನಿನಗೆಂದು ಎತ್ತಿಟ್ಟ ಸೆಟ್ಟಿನದು, ಕ್ಷಮಿಸು.

ಎರಡನೆಯ ನರ್ಸ್ ಬಂದಾಗ ಅಮ್ಮ ನೆಲ ನೋಡುತ್ತಾ ಹೇಳಿದಳು. "ಕಾಲುಚೀಲ ಹಾಕೋಳು ಸೈಮಾ. ಬೆನ್ನು ತೊಳೆಯೋಳು ಸೈಮಾ. ಮೆಟ್ಟಿಲು ಹತ್ತಿಸೋಳು ಸೈಮಾ." ನನ್ನ ಹೆಸರು ಅವಳ ಬಾಯಲ್ಲಿ ಅಷ್ಟು ಸಲ ಕೇಳಿದ್ದು ಅದೇ ಮೊದಲು. ಪಡಸಾಲೆಗೆ ಹೋಗಿ, ಕೋಟುಗಳ ಮಧ್ಯೆ ಮುಖ ಹುದುಗಿಸಿ ಅತ್ತೆ.

ಮನೆಯವರು ಮಾಡಿದ ಆರೈಕೆ ವಿಮೆಯ ಲೆಕ್ಕಕ್ಕಿಲ್ಲವಂತೆ, ಏಜೆನ್ಸಿಯವಳೇ ಮಾಡಬೇಕು. ಮಾಡಲಿ. ಆದರೆ ಶನಿವಾರ ಮಾತ್ರ ಬರಬೇಡ ಎಂದು ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ. ಸೊಂಟ ಮುರಿದರೂ ಶನಿವಾರ ನನ್ನದು.

ಮೈ ಜೋಪಾನ, ಬಿಸಿಲಲ್ಲಿ ತಿರುಗಬೇಡ. ಎಷ್ಟು ಸಿಟ್ಟಿದ್ದರೂ ನೀನು ನನ್ನ ಒಬ್ಬಳೇ ತಂಗಿ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಸೈಮಾ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಮೇಲ್ಮನವಿಗೆಂದು ಹಳೆಯ ಕಡತ ಬಿಚ್ಚಿದಾಗ, ವಿಮೆ ಕೊಂಡ ದಿನದ ಅರ್ಜಿ ಸಿಕ್ಕಿತು. ಅದನ್ನು ತುಂಬಿಸಿದ್ದು ನನ್ನ ಅಡುಗೆಮನೆಯ ಮೇಜಿನ ಮೇಲೆ. ಕಂತು ನಿಂತುಹೋದರೆ ಯಾರಿಗೆ ತಿಳಿಸಬೇಕು ಎಂಬ ಸಾಲಿನಲ್ಲಿ ಅಮ್ಮ ನಿನ್ನ ಹೆಸರು ಬರೆದಿದ್ದಾಳೆ. ಹೋದ ವರ್ಷ ಅವಳು ಕಂತು ಕಟ್ಟಲು ಮರೆತಾಗ ನೋಟಿಸು ನಿನಗೇ ಬಂದಿತ್ತು, ನೀನು ಸದ್ದಿಲ್ಲದೆ ಕಟ್ಟಿ ವಿಮೆ ಉಳಿಸಿದೆ ಎಂಬುದೂ ಆ ಕಡತದಿಂದಲೇ ತಿಳಿಯಿತು. ಉಪಕಾರವಾಯಿತು. ಇದನ್ನು ಬರೆಯಲು ನನಗೆಷ್ಟು ಕಷ್ಟವಾಗುತ್ತಿದೆ ಎಂದು ನಿನಗೆ ಗೊತ್ತಿದ್ದರೆ ಸಾಕು.

ಎರಡು ಬೀದಿ ಆಚೆ ನಾನಿರುವಾಗ ಹೆಲ್ಮಿಯ ಹೆಸರು ಯಾಕೆ ಬರೆದೆ ಎಂದು ಅಮ್ಮನನ್ನು ಕೇಳಿದೆ. "ನಿಂಗೆ ಹೇಗಿದ್ರೂ ಗೊತ್ತಾಗುತ್ತಲ್ಲ. ಅವಳು ಅಷ್ಟು ದೂರ ಹೋದವಳು, ನನ್ನ ಮರೆತೇಬಿಟ್ರೆ ಅಂತ ಭಯ ಇತ್ತು" ಎಂದಳು. ನನ್ನ ಬಗ್ಗೆ ಅಂಥ ಭಯ ಅವಳಿಗೆ ಒಂದು ದಿನವೂ ಆಗಿಲ್ಲ, ಹೆಲ್ಮಿ.

ಮೊನ್ನೆ ಶನಿವಾರ ಬೇಕೆಂದೇ ಹೋಗಲಿಲ್ಲ. ಬೆಳಿಗ್ಗೆಯಿಂದ ಫೋನಿನ ಪಕ್ಕ ಕೂತೆ, ಅದು ಒಂದು ಸಲವೂ ರಿಂಗಾಗಲಿಲ್ಲ. ಸಂಜೆ ಐದಕ್ಕೆ ತಡೆಯಲಾರದೆ ಎದ್ದು ಹೋದೆ. ಅಮ್ಮ ಕೋಟು ಹಾಕಿಕೊಂಡು, ಮಡಿಲಲ್ಲಿ ಎರಡು ಟವೆಲ್ ಇಟ್ಟುಕೊಂಡು ಬಾಗಿಲ ಬಳಿ ಕೂತಿದ್ದಳು. "ಇಷ್ಟೊತ್ತಾದ್ರೂ ಬರಲಿಲ್ಲ ಅಂತ ಒಂದು ಫೋನ್ ಮಾಡೋಕಾಗ್ಲಿಲ್ವಾ?" ಎಂದು ರೇಗಿದೆ.

"ಯಾಕೆ ಮಾಡ್ಲಿ? ನೀನು ಬಂದೇ ಬರ್ತೀಯಲ್ಲ" ಎಂದಳು.